ಎನ್‌ಬಿಎ ಸ್ಟ್ಯಾಟ್ಸ್ ಸೈಟ್ ರಿವ್ಯೂ: ಶೆಂಗುನ್ ಜಗಳಕ್ಕೆ ಅರ್ಧ ಉತ್ತರ ಮಾತ್ರ

ಮೊದ್ಲೇ ಹೇಳ್ಬಿಡ್ತೀನಿ, ಇದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯವರದ್ದೇ ಅಧಿಕೃತ ಸ್ಟ್ಯಾಟ್ಸ್ ಸೈಟ್‌ನ ರಿವ್ಯೂ, ಆದ್ರೆ ಇಡೀ ಸೈಟ್‌ದಲ್ಲ. ಒಬ್ಬ ಸೆಂಟರ್ (ಬುಟ್ಟಿ ಹತ್ರ ಆಡೋ ಎತ್ತರದ ಆಟಗಾರ) ಬಗ್ಗೆ ಫ್ಯಾನ್ಸ್ ಕಿತ್ತಾಡ್ತಿರುವಾಗ ಯಾರ ಮಾತಲ್ಲಿ ಹುರುಳಿದೆ ಅಂತ ನೋಡೋಕೆ ಇದು ಎಷ್ಟು ಕೆಲಸಕ್ಕೆ ಬರತ್ತೆ, ಅಷ್ಟೇ. ಸೆಂಟರ್ ಯಾರು ಅಂದ್ರೆ ಹ್ಯೂಸ್ಟನ್ ರಾಕೆಟ್ಸ್‌ನ ಆಲ್ಪೆರೆನ್ ಶೆಂಗುನ್. ಇವನಷ್ಟು ಒಳ್ಳೆ ಟೆಸ್ಟ್ ಕೇಸ್ ಇನ್ನೊಬ್ಬ ಸಿಗಲ್ಲ, ಯಾಕಂದ್ರೆ ಅರ್ಧ ಜನಕ್ಕೆ ಅವನು ಮುಂದಿನ ಯೋಕಿಚ್ (ಲೀಗ್‌ನ ಸ್ಟಾರ್ ಸೆಂಟರ್), ಇನ್ನರ್ಧ ಜನಕ್ಕೆ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸರಣಿಗಳಲ್ಲಿ) ಎದುರಾಳಿ ಗಾರ್ಡ್‌ಗಳು, ಅಂದ್ರೆ ಚೆಂಡು ನಡೆಸೋ ಚುರುಕು ಆಟಗಾರರು, ಹುಡುಕಿ ಹುಡುಕಿ ಹೊಡೆಯೋ ಡಿಫೆನ್ಸ್‌ನ ತೂತು, ಇವೆರಡರ ನಡುವೆ ಮಾತಾಡೋರು ಬಹಳ ಕಮ್ಮಿ.

ಸೈಟ್ ಫ್ರೀ, ಲಾಗಿನ್ ಇಲ್ದೇನೇ ಟೇಬಲ್‌ಗಳು ತೆರೆದುಕೊಳ್ತವೆ. 2013ರ ಫೆಬ್ರವರಿಯಲ್ಲಿ ಲೀಗ್ ಇದನ್ನ ಜನಕ್ಕೆ ಬಿಟ್ಟಾಗ 1946ರಿಂದ ಈಚೆಗಿನ ಬಾಕ್ಸ್ ಸ್ಕೋರ್‌ಗಳೆಲ್ಲ (ಪ್ರತಿ ಪಂದ್ಯದ ಅಂಕಿಅಂಶ ಪಟ್ಟಿ) ಒಂದೇ ಕಡೆ ಸಿಗೋ ಹಾಗಾಯ್ತು, ಅದೇ ವರ್ಷ ಶುರುವಾದ ಸೀಸನ್‌ನಿಂದ ಎಲ್ಲಾ ಅರೆನಾಗಳ ಸೂರಲ್ಲೂ ಆರಾರು ಕ್ಯಾಮೆರಾ ಕೂತ್ವು, ಸೆಕೆಂಡಿಗೆ 25 ಸಲ ಆಟಗಾರರೂ ಚೆಂಡೂ ಎಲ್ಲೆಲ್ಲಿ ಇದ್ದಾರೆ ಅಂತ ಬರೆದುಕೊಳ್ಳೋಕೆ. ಟೇಬಲ್‌ಗಳು ಸಿಕ್ಕಾಪಟ್ಟೆ ಅಗಲ, ದೊಡ್ಡ ಸ್ಕ್ರೀನ್ ಇದ್ರೆ ನೋಡೋಕೆ ಹಾಯಾಗಿರತ್ತೆ. ಡಿಸೈನ್ ಬಗ್ಗೆ ಇಷ್ಟು ಸಾಕು.

ಈಗ ಆಫೆನ್ಸ್ ಕಡೆ ಬರೋಣ, ಅಲ್ಲಿ ಈ ಸೈಟ್ ನಿಜಕ್ಕೂ ಹಬ್ಬ. ಶೆಂಗುನ್ 2021ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸಬರನ್ನ ಆರಿಸೋದು) 16ನೇ ಪಿಕ್, ಟರ್ಕಿಯಿಂದ ಬಂದ ಹುಡುಗ, ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 9.6 ಪಾಯಿಂಟ್, ಎರಡನೇದ್ರಲ್ಲಿ 14.8, ಮೂರನೇದ್ರಲ್ಲಿ ಸೀದಾ 21.1, ಜೊತೆಗೆ 9.3 ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು), 5 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್). ಈ ಏರಿಕೆ ಯಾವ ಸೈಟ್‌ನಲ್ಲಾದ್ರೂ ಸಿಗತ್ತೆ ಬಿಡಿ. ಇಲ್ಲಿ ಸಿಗೋದು ಅದರ ಹಿಂದಿನ ಕಥೆ. ಟ್ರ್ಯಾಕಿಂಗ್ ಭಾಗದಲ್ಲಿ ಎಲ್ಬೋ ಟಚ್, ಪೋಸ್ಟ್ ಟಚ್, ಪೇಂಟ್ (ಬುಟ್ಟಿ ಮುಂದಿನ ಬಣ್ಣದ ಜಾಗ) ಟಚ್ ಅಂತ ಬೇರೆ ಬೇರೆ ಟೇಬಲ್ ಇದೆ, ಎಲ್ಬೋ ಅಂದ್ರೆ ಫ್ರೀ ಥ್ರೋ ಗೆರೆ ಮೂಲೆ, ಅಲ್ಲಿ ಎಷ್ಟು ಸಲ ಚೆಂಡು ಹಿಡಿದ, ಅಲ್ಲಿಂದ ಶಾಟ್ ಹೊಡೆದ್ನಾ, ಪಾಸ್ ಕೊಟ್ನಾ, ಚೆಂಡು ಕಳ್ಕೊಂಡ್ನಾ, ಫೌಲ್ ಗಿಟ್ಟಿಸಿದ್ನಾ, ಎಲ್ಲಾ ಬೇರೆ ಬೇರೆ. ಪ್ಲೇ ಟೈಪ್ ಪುಟಕ್ಕೆ ಹೋದ್ರೆ ಪೋಸ್ಟ್ ಅಪ್‌ನಲ್ಲಿ (ಬುಟ್ಟಿ ಹತ್ರ ಡಿಫೆಂಡರ್‌ಗೆ ಬೆನ್ನು ಕೊಟ್ಟು ಆಡೋದು) ಪ್ರತಿ ಪೊಸೆಷನ್‌ಗೆ (ಚೆಂಡು ಕೈಲಿದ್ದ ಒಂದೊಂದು ಸರದಿಗೆ) ಎಷ್ಟು ಪಾಯಿಂಟ್, ಪಿಕ್ ಆಂಡ್ ರೋಲ್‌ನಲ್ಲಿ ಸ್ಕ್ರೀನ್ ಕೊಟ್ಟು (ಜೊತೆಗಾರನ ಡಿಫೆಂಡರ್‌ಗೆ ಮೈ ಅಡ್ಡ ಇಟ್ಟು) ಬುಟ್ಟಿ ಕಡೆ ರೋಲ್ ಆಗುವಾಗ ಎಷ್ಟು ಅಂತ ಸಿಗತ್ತೆ. ಆಟ ನೋಡೋರಿಗೆ ಕಣ್ಣಿಗೆ ಬಿದ್ದಿದ್ದನ್ನೇ ಇದು ಲೆಕ್ಕದಲ್ಲಿ ಹೇಳತ್ತೆ, ಅವನು ಬರೀ ರಿಮ್ (ಬುಟ್ಟಿಯ ಬಳೆ) ಹತ್ರ ಕಾಯೋ ಸೆಂಟರ್ ಅಲ್ಲ, ಎಲ್ಬೋದಲ್ಲಿ ಬೆನ್ನು ಕೊಟ್ಟು ನಿಂತು ಇಡೀ ಟೀಮ್‌ನ ಆಡಿಸೋನು, ಭುಜ ಒಂದು ಕಡೆ ಆಡಿಸಿ ಇನ್ನೊಂದು ಕಡೆ ತಿರುಗಿಬಿಡ್ತಾನೆ, ಎದುರಿನವನು ಗಾಳಿಗೆ ಹಾರಿರ್ತಾನೆ. ನಂಬರ್ ಮೇಲೆ ಕ್ಲಿಕ್ ಮಾಡಿದ್ರೆ ಆ ಶಾಟ್‌ಗಳ ವಿಡಿಯೋ ಕ್ಲಿಪ್‌ಗಳೇ ಸಾಲಾಗಿ ಓಡ್ತವೆ, ಅದೊಂದಕ್ಕೇ ಇನ್ನರ್ಧ ಸ್ಟಾರ್ ಜಾಸ್ತಿ ಕೊಡ್ಬಹುದು. ದೂರದ ಶಾಟ್ ಇನ್ನೂ ಕುದುರಿಲ್ಲ, ಫ್ರೀ ಥ್ರೋ ಸುಮಾರು, ಅದನ್ನೂ ಸೈಟ್ ಮುಚ್ಚಿಡಲ್ಲ, 2023-24ರಲ್ಲಿ ಮೂರು ಪಾಯಿಂಟ್ ಶಾಟ್ 30 ಪರ್ಸೆಂಟ್‌ಗೂ ಒಂಚೂರು ಕೆಳಗೆ ಅಂತ ನೇರವಾಗಿ ಹೇಳತ್ತೆ.

ಆಫೆನ್ಸ್ ಪುಟಗಳಿಗೆ ನಾನು 5ಕ್ಕೆ ನಾಲ್ಕೂವರೆ ಕೊಡ್ತೀನಿ, ಡಿಫೆನ್ಸ್ ಪುಟಗಳಿಗೆ ಎರಡು. ಈ ಎರಡು ಯಾಕೆ ಅನ್ನೋದನ್ನೇ ಸ್ವಲ್ಪ ಬಿಡಿಸಿ ಹೇಳ್ಬೇಕು, ಶೆಂಗುನ್ ವಿರೋಧಿಗಳೂ ಅಭಿಮಾನಿಗಳೂ ಇಬ್ರೂ ಇದೇ ಪುಟಗಳಿಂದ ನಂಬರ್ ಎತ್ಕೊಂಡು ಬರ್ತಾರೆ, ಇಬ್ರಿಗೂ ಬೇಕಾದ್ದೇ ಸಿಗತ್ತೆ.

ಡಿಫೆನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ ರಿಮ್‌ನಿಂದ ಆರು ಅಡಿ ಒಳಗಿನ ಶಾಟ್‌ಗಳಿಗೆ ಅಂತ ಒಂದು ಭಾಗ ಇದೆ. ಎದುರಾಳಿ ಅಲ್ಲಿ ಶಾಟ್ ಹೊಡೆಯುವಾಗ ಹತ್ತಿರ ಇದ್ದ ಡಿಫೆಂಡರ್ ಯಾರೋ ಅವನ ಖಾತೆಗೆ ಅದು ಬೀಳತ್ತೆ, ಆಮೇಲೆ ಆ ಶೂಟರ್‌ಗಳು ಮಾಮೂಲಿಯಾಗಿ ಎಷ್ಟು ಪರ್ಸೆಂಟ್ ಹಾಕ್ತಾರೆ, ಇವನ ಮುಂದೆ ಎಷ್ಟು ಹಾಕಿದ್ರು, ವ್ಯತ್ಯಾಸ ಎಷ್ಟು ಅಂತ ಕೊನೇ ಕಾಲಮ್‌ನಲ್ಲಿ ಬರತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ. ಆದ್ರೆ ಹತ್ತಿರ ಇದ್ದವನು ಅನ್ನೋ ಶರತ್ತಿನಲ್ಲೇ ತೊಂದರೆ ಕೂತಿದೆ. ಸೆಂಟರ್ ಕಾಲು ನಿಧಾನ, ಸಹಾಯಕ್ಕೆ ಬರೋ ಹೊತ್ತಿಗೆ ಲೇಟಾಯ್ತು, ಅಷ್ಟರಲ್ಲಿ ಮೂಲೆಯಿಂದ ಓಡಿ ಬಂದ ಫಾರ್ವರ್ಡ್ ಒಬ್ಬ ಕೈ ಎತ್ತಿದ, ಚೆಂಡು ಒಳಗೆ ಹೋಯ್ತು ಅಂದ್ರೆ ಆ ಬಾಸ್ಕೆಟ್ ಬಿಲ್ ಪಾಪ ಆ ಫಾರ್ವರ್ಡ್ ಮೇಲೆ, ಸೆಂಟರ್ ಕ್ಲೀನ್. ಅದೇ ಇನ್ನೊಬ್ಬ ಸೆಂಟರ್ ಸೋತ ಪೊಸೆಷನ್‌ಗೂ ಹೋರಾಡ್ತಾ ಹಾರಿ ಕೈ ಎತ್ತಿದ್ರೆ, ತಪ್ಪು ಮಾಡಿದ್ದು ಗಾರ್ಡ್ ಆದ್ರೂ ಲೆಕ್ಕ ಇವನ ಮೇಲೆ. ಅಂದ್ರೆ ಸೋಮಾರಿಗೆ ರಿಯಾಯ್ತಿ, ಮೈಮುರಿಯೋನಿಗೆ ದಂಡ.

ಇನ್ನೊಂದು, ನನಗೆ ಇದೇ ದೊಡ್ಡದು ಅನ್ಸೋದು: ಹೊಡೆಯದೇ ಬಿಟ್ಟ ಶಾಟ್‌ಗೆ ಈ ಸೈಟ್‌ನಲ್ಲಿ ಕಾಲಮ್ಮೇ ಇಲ್ಲ. ಸೆಂಟರ್ ರೂಡಿ ಗೋಬೇರ್ ನಾಲ್ಕು ಸಲ ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್ ಆಗಿದ್ದು ಬರೀ ಬ್ಲಾಕ್‌ಗಳಿಂದ (ಶಾಟ್ ಗಾಳಿಯಲ್ಲೇ ತಡೆಯೋದು) ಅಲ್ಲ, ಗಾರ್ಡ್‌ಗಳು ಪೇಂಟ್ ತನಕ ಬಂದು ಅವನು ನಿಂತಿರೋದು ನೋಡಿ ಚೆಂಡು ವಾಪಸ್ ಹೊರಗೆ ಎಸೆಯೋದ್ರಿಂದ. ಬಾಗಿಲಲ್ಲಿ ನಾಯಿ ಮಲಗಿದೆ ಅಂತ ಕಳ್ಳ ಗೇಟೇ ದಾಟಲಿಲ್ಲ ಅಂದ್ರೆ ಪೊಲೀಸ್ ಸ್ಟೇಷನ್ನಲ್ಲಿ ಕೇಸ್ ಎಲ್ಲಿಂದ ಬರತ್ತೆ. ಶೆಂಗುನ್ ವಿಷಯದಲ್ಲಿ ಇದು ಉಲ್ಟಾ, ಅವನನ್ನ ನೋಡಿ ಹೆದರಿ ವಾಪಸ್ ಹೋಗೋ ಗಾರ್ಡ್‌ಗಳು ಕಮ್ಮಿ, ಅವನ ಎತ್ತರ 6 ಅಡಿ 11 ಇಂಚು ಇದ್ರೂ ಜಿಗಿತ ಆ ಮಟ್ಟದ್ದಲ್ಲ, ಜನ ರಿಮ್ ಕಡೆ ನುಗ್ತಾರೆ. ಆರು ಅಡಿಯ ಟೇಬಲ್ ಮಾತ್ರ ನುಗ್ಗಿದ ಮೇಲಿನ ಕಥೆ ಹೇಳತ್ತೆ, ನುಗ್ಗೋ ಧೈರ್ಯ ಎಲ್ಲಿಂದ ಬಂತು ಅನ್ನೋದನ್ನ ಹೇಳಲ್ಲ.

ಡಿಫೆನ್ಸಿವ್ ರೇಟಿಂಗ್ ಅಂತ ಇನ್ನೊಂದಿದೆ, ಅವನು ಅಂಗಳದಲ್ಲಿದ್ದಾಗ ಟೀಮ್ 100 ಪೊಸೆಷನ್‌ಗೆ ಎಷ್ಟು ಪಾಯಿಂಟ್ ಬಿಟ್ಟುಕೊಡ್ತು ಅಂತ. ಅಭಿಮಾನಿಗಳ ಬ್ರಹ್ಮಾಸ್ತ್ರ ಇದೇ, ನೋಡಿ ಟೀಮ್ ಡಿಫೆನ್ಸ್ ಚೆನ್ನಾಗೇ ಇದೆ ಅಂತಾರೆ. ರೀ ಸ್ವಾಮಿ, ಇದು ಟೀಮಿನ ನಂಬರ್ರು, ಅವನ ಹೆಸರಿನ ಮುಂದೆ ಬರೆದಿದ್ದಾರೆ ಅಷ್ಟೇ. 2024-25ರಲ್ಲಿ ಅವನ ಮುಂದೆ ನಿಂತು ಗಾರ್ಡ್‌ಗಳನ್ನ ತಡೀತಿದ್ದೋರು ಯಾರು, ಅಮೆನ್ ಥಾಮ್ಸನ್, ಆ ವರ್ಷ ಆಲ್ ಡಿಫೆನ್ಸಿವ್ ಫಸ್ಟ್ ಟೀಮ್‌ಗೆ (ಲೀಗ್‌ನ ಐದು ಅತ್ಯುತ್ತಮ ಡಿಫೆಂಡರ್‌ಗಳ ಪಟ್ಟಿ) ಹೋದೋನು, ಪಕ್ಕದಲ್ಲಿ ಡಿಲನ್ ಬ್ರೂಕ್ಸ್, ಬೆಂಚಿನಿಂದ ಬಂದ್ರೆ ಸ್ಟೀವನ್ ಆಡಮ್ಸ್. ಇಷ್ಟು ಜನ ಕಾವಲು ಕಾಯ್ತಿದ್ರೆ ಹಿಂದೆ ನಿಂತೋನ ನಂಬರ್ ಚೆನ್ನಾಗೇ ಬರತ್ತೆ. ಅದ್ರಲ್ಲಿ ಶೆಂಗುನ್ ಪಾಲಿಲ್ಲ ಅಂತ ನಾನು ಹೇಳ್ತಿಲ್ಲ, ಎಷ್ಟು ಪಾಲು ಅಂತ ಈ ಕಾಲಮ್ ಬಿಡಿಸಿ ಹೇಳಲ್ಲ.

ವಿರೋಧಿಗಳ ಬ್ರಹ್ಮಾಸ್ತ್ರನೂ ಇಷ್ಟೇ ಟೊಳ್ಳು. 2024ರ ಮಾರ್ಚ್‌ನಲ್ಲಿ ಸ್ಯಾಕ್ರಮೆಂಟೊ ವಿರುದ್ಧ ಅವನಿಗೆ ಗಾಯ ಆಗಿ ಹೊರಗೆ ಕೂತ, ಅದೇ ತಿಂಗಳು ರಾಕೆಟ್ಸ್ ಸತತ 11 ಪಂದ್ಯ ಗೆದ್ರು, ಅದ್ರಲ್ಲಿ ಹೆಚ್ಚಿನವು ಅವನಿಲ್ದೇನೇ. ಅಲ್ಲಿಗೆ ಶುರುವಾಯ್ತು ನೋಡಿ, ಅವನಿಲ್ದಿದ್ರೇ ಟೀಮ್ ಚೆನ್ನಾಗಿ ಆಡತ್ತೆ, ಎಲ್ಲಾ ಸ್ಕ್ರೀನಿಗೂ ಸ್ವಿಚ್ ಮಾಡೋಕಾಗತ್ತೆ (ಡಿಫೆಂಡರ್‌ಗಳು ತಾವು ಕಾಯೋರನ್ನ ಅದಲುಬದಲು ಮಾಡ್ಕೊಳ್ಳೋದು), ಮಾರಿಬಿಡಿ ಅವನನ್ನ ಅಂತ. ಅವನು ಅಂಗಳದಲ್ಲಿದ್ದಾಗ ಹೇಗೆ, ಇಲ್ಲದಾಗ ಹೇಗೆ ಅಂತ ಟೀಮ್ ನಂಬರ್ ತೋರಿಸೋ ಆನ್-ಆಫ್ ಪುಟದ ಸ್ಕ್ರೀನ್‌ಶಾಟ್‌ಗಳು ಹಾರಾಡಿದ್ವು. ಇದೇ ಸೈಟ್‌ನಲ್ಲಿ ದಿನಾಂಕದ ಫಿಲ್ಟರ್ ಹಾಕಿ ಎದುರಾಳಿಗಳ ಪಟ್ಟಿ ತೆಗೆದ್ರೆ ಏನು ಕಾಣತ್ತೆ, ವಾಷಿಂಗ್ಟನ್, ಪೋರ್ಟ್‌ಲ್ಯಾಂಡ್, ಸ್ಯಾನ್ ಆಂಟೋನಿಯೋ, ಆ ವರ್ಷ ತಳದಲ್ಲಿ ಕೂತಿದ್ದ ಟೀಮ್‌ಗಳು. ಒಕ್ಲಹೋಮಾ ಸಿಟಿಯನ್ನೂ ಓವರ್‌ಟೈಮ್‌ನಲ್ಲಿ ಹೊಡೆದ್ರು, ಅದು ನಿಜವಾದ ಗೆಲುವು, ಇಲ್ಲ ಅನ್ನಲ್ಲ. ಆದ್ರೆ ಆ ತಿಂಗಳು ರಾಕೆಟ್ಸ್‌ನ ಆಗಿನ ಗಾರ್ಡ್ ಜೇಲೆನ್ ಗ್ರೀನ್ ಮುಟ್ಟಿದ್ದೆಲ್ಲ ಒಳಗೆ ಹೋಗ್ತಿತ್ತು, ಸೆಂಟರ್ ಹೊರಗಿದ್ದಿದ್ದಕ್ಕೂ ಅದಕ್ಕೂ ಎಷ್ಟು ಸಂಬಂಧ ಅಂತ ಆನ್-ಆಫ್ ಪುಟ ಹೇಳೋಕೆ ಸಾಧ್ಯನೇ ಇಲ್ಲ. ಫಿಲ್ಟರ್ ಕೊಟ್ಟಿದ್ದಕ್ಕೆ ಸೈಟ್‌ಗೆ ಶಹಬ್ಬಾಸ್, ಫಿಲ್ಟರ್ ಹಾಕದೇ ಸ್ಕ್ರೀನ್‌ಶಾಟ್ ಹೊಡೆಯೋರಿಗೆ ಏನ್ ಹೇಳೋದು.

ಇಷ್ಟೆಲ್ಲ ಗಲಾಟೆ ಹ್ಯೂಸ್ಟನ್‌ನಲ್ಲೇ ಯಾಕೆ ಜೋರು ಅನ್ನೋದಕ್ಕೂ ಒಂದು ಕಾರಣ ಇದೆ ಅನ್ಸತ್ತೆ. ಆ ಊರಿನ ಸೆಂಟರ್ ಅಂದ್ರೆ ಹಕೀಮ್ ಒಲಾಜುವಾನ್, 1994ರಲ್ಲಿ ಒಂದೇ ಸೀಸನ್‌ನಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ), ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್, ಫೈನಲ್ಸ್ ಎಂವಿಪಿ ಮೂರೂ ಹೊಡ್ಕೊಂಡೋನು, 3830 ಬ್ಲಾಕ್‌ಗಳಿಂದ ಪಟ್ಟಿಯಲ್ಲಿ ಇವತ್ತಿಗೂ ಎಲ್ಲರಿಗಿಂತ ಮೇಲಿರೋನು. ಶೆಂಗುನ್ ಪೋಸ್ಟ್‌ನಲ್ಲಿ ಸುತ್ತಿ ಸುತ್ತಿ ಹಾಕೋದು ನೋಡಿದ್ರೆ ಜನಕ್ಕೆ ಹಕೀಮ್ ನೆನಪಾಗ್ತಾನೆ, ಆಮೇಲೆ ಅದೇ ಜನ ಇನ್ನೊಂದು ತುದಿಯಲ್ಲೂ ಹಕೀಮ್‌ನನ್ನೇ ಹುಡುಕ್ತಾರೆ, ಸಿಗಲ್ಲ, ಸಿಟ್ಟು ಬರತ್ತೆ. ಅಂದಹಾಗೆ ಬ್ಲಾಕ್ ಅನ್ನೋದನ್ನ ಲೀಗ್ ಅಧಿಕೃತವಾಗಿ ಎಣಿಸೋಕೆ ಶುರು ಮಾಡಿದ್ದೇ 1973-74ರಿಂದ, ಹಾಗಾಗಿ 11 ಚಾಂಪಿಯನ್‌ಶಿಪ್ ಗೆದ್ದ ಬಿಲ್ ರಸೆಲ್ ಪುಟ ತೆಗೆದ್ರೆ ಬ್ಲಾಕ್ ಕಾಲಮ್ ಖಾಲಿ. ಆಟದ ಅತಿದೊಡ್ಡ ಡಿಫೆಂಡರ್ ಅಂತ ಎಷ್ಟೋ ಜನ ಕೈ ಮುಗಿಯೋ ಮನುಷ್ಯನ ಡಿಫೆನ್ಸ್ ಬಗ್ಗೆ ಈ ಸೈಟ್ ಹತ್ರ ರಿಬೌಂಡ್ ಬಿಟ್ರೆ ಹೇಳೋಕೆ ಹೆಚ್ಚೇನೂ ಇಲ್ಲ. ಪಾಯಿಂಟ್ ಎಣಿಸೋದು ಮೊದಲ ದಿನದಿಂದ ಇತ್ತು, ತಡೆದದ್ದನ್ನ ಎಣಿಸೋಕೆ ಕಾಲು ಶತಮಾನ ಮೇಲೆ ಬೇಕಾಯ್ತು, ಆ ಅಂತರ ಇನ್ನೂ ಮುಚ್ಚಿಲ್ಲ.

ಹಾಗಾದ್ರೆ ಡಿಫೆನ್ಸ್ ಪುಟಗಳಲ್ಲಿ ಕೆಲಸಕ್ಕೆ ಬರೋದು ಏನೂ ಇಲ್ವಾ ಅಂದ್ರೆ ಇದೆ. ಹಸಲ್ ಅನ್ನೋ ವಿಭಾಗ ನೋಡಿ, 2016ರ ಪ್ಲೇಆಫ್‌ನಿಂದ ಶುರುವಾದದ್ದು, ಚೆಂಡಿಗೆ ಕೈ ತಾಗಿಸಿ ದಾರಿ ತಪ್ಪಿಸಿದ್ದು, ಕೈ ಎತ್ತಿ ಕಾಡಿದ ಶಾಟ್‌ಗಳು, ಮೈಯೊಡ್ಡಿ ಗಿಟ್ಟಿಸಿದ ಚಾರ್ಜ್, ಬಿದ್ದ ಚೆಂಡು ಹೆಕ್ಕಿದ್ದು ಎಲ್ಲಾ ಇದೆ. ಯೋಕಿಚ್ ಥರ ಜಿಗಿಯೋಕಾಗದ ಸೆಂಟರ್‌ಗಳು ಹೇಗೆ ಬದುಕ್ತಾರೆ ಅಂತ ಇಲ್ಲಿ ಗೊತ್ತಾಗತ್ತೆ, ಅವರ ಡಿಫೆನ್ಸ್ ಇರೋದು ಕೈಯಲ್ಲಿ, ನಿಲ್ಲೋ ಜಾಗದಲ್ಲಿ. ಲೈನ್‌ಅಪ್ ಪುಟದಲ್ಲಿ ಇಬ್ಬಿಬ್ಬರ ಜೋಡಿ ಹಾಕಿ ನೋಡಿದ್ರೆ ಶೆಂಗುನ್-ಆಡಮ್ಸ್ ಜೋಡಿ 2024-25ರಲ್ಲಿ ಎಷ್ಟು ಚೆನ್ನಾಗಿ ನಡೀತು ಅಂತ ಕಾಣತ್ತೆ, ನಿಮಿಷಗಳು ಕಮ್ಮಿ ಇದ್ರೂ. ಆ ವರ್ಷದ ಪ್ಲೇಆಫ್‌ನಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧದ ಏಳು ಪಂದ್ಯದ ಸರಣಿಯಲ್ಲಿ ಕೋಚ್ ಇಮೆ ಉಡೋಕಾ ಇಬ್ಬರನ್ನೂ ಒಟ್ಟಿಗೆ ಇಳಿಸಿ ಝೋನ್ (ಆಟಗಾರನನ್ನಲ್ಲ, ಜಾಗವನ್ನ ಕಾಯೋ ಡಿಫೆನ್ಸ್) ಹಾಕಿ ಆಡಿಸಿದ್ದು ಸುಮ್ನೆ ಅಲ್ಲ, ಶೆಂಗುನ್‌ನ ಡಿಫೆನ್ಸ್ ಮುಚ್ಚೋಕೆ ಹಿಂದೆ ಇನ್ನೊಂದು ಗೋಡೆ ಇಟ್ರೆ ಅವನ ಆಫೆನ್ಸ್ ಬಿಟ್ಟಿ ಸಿಗತ್ತೆ ಅನ್ನೋ ಲೆಕ್ಕ. ಸರಣಿ ಸೋತ್ರು, ಆದ್ರೂ ಆ ಲೆಕ್ಕ ತಪ್ಪು ಅಂತ ನನಗನ್ಸಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಅವನು ಮೊದಲೆರಡು ವರ್ಷದ ಥರ ಈಗ ಡಿಫೆನ್ಸ್‌ನಲ್ಲಿ ಅಡ್ಡಾದಿಡ್ಡಿ ಇಲ್ಲ, ಸರಿಯಾದ ಜಾಗಕ್ಕೆ ಬರ್ತಾನೆ, ಆದ್ರೆ ವೇಗದ ಗಾರ್ಡ್ ಸ್ಕ್ರೀನ್ ದಾಟಿ ಬಂದಾಗ ಶೆಂಗುನ್ ಹಿಂದೆ ನಿಂತ್ರೆ ಆ ಗಾರ್ಡ್ ಅಲ್ಲೇ ಮೂರು ಪಾಯಿಂಟ್ ಎತ್ತಿ ಹೊಡೀತಾನೆ, ಶೆಂಗುನ್ ಮುಂದೆ ಬಂದ್ರೆ ಸುತ್ತಿ ಒಳಗೆ ಹೋಗ್ತಾನೆ, ಈ ಎರಡರ ನಡುವೆ ಅರ್ಧ ಹೆಜ್ಜೆ ಯಾವಾಗಲೂ ಸಾಲಲ್ಲ. ಆ ಅರ್ಧ ಹೆಜ್ಜೆ ಯಾವ ಟೇಬಲ್‌ನಲ್ಲೂ ಇಲ್ಲ, ಪಂದ್ಯ ಪೂರ್ತಿ ಕೂತು ನೋಡ್ಬೇಕು. ಕ್ಲಿಪ್‌ಗಳೂ ಇಲ್ಲಿ ಕೈ ಕೊಡ್ತವೆ, ಯಾಕಂದ್ರೆ ಕ್ಲಿಪ್ ಇರೋದು ಸ್ಕೋರರ್ ಬರೆದುಕೊಂಡ ಘಟನೆಗಳಿಗೆ, ಬ್ಲಾಕ್‌ಗೆ ಇದೆ, ಸ್ಟೀಲ್‌ಗೆ ಇದೆ, ಫೌಲ್‌ಗೆ ಇದೆ, ಲೇಟಾಗಿ ಬಂದಿದ್ದಕ್ಕೆ ಇಲ್ಲ. ಹಾಗಂತ ಸೆಂಟರ್‌ಗಳು ಬದಲಾಗಲ್ಲ ಅಂತಲೂ ಹೇಳೋಕಾಗಲ್ಲ, ಬ್ರೂಕ್ ಲೋಪೆಜ್ ಮೊದಲ ಎಂಟು ಸೀಸನ್‌ನಲ್ಲಿ ಸೇರಿ ಹಾಕಿದ್ದು ಮೂರೇ ಮೂರು ತ್ರೀ, ಡಿಫೆನ್ಸ್‌ಗೂ ಆಗ ದೊಡ್ಡ ಹೆಸರಿರಲಿಲ್ಲ, ಆಮೇಲೆ ಮಿಲ್ವಾಕೀಗೆ ಬಂದು ರಿಮ್ ಹತ್ರ ಹಿಂದಕ್ಕೆ ನಿಂತು ಆಡೋ ಕೆಲಸ ಕೊಟ್ಟ ಮೇಲೆ 2023ರಲ್ಲಿ ಆಲ್ ಡಿಫೆನ್ಸಿವ್ ಫಸ್ಟ್ ಟೀಮ್. ಲೋಪೆಜ್ 7 ಅಡಿ ಮೇಲಿದ್ದಾನೆ, ಶೆಂಗುನ್‌ಗೆ ಆ ಸೌಲಭ್ಯ ಇಲ್ಲ, ಆದ್ರೂ ಕೆಲಸ ಬದಲಾದ್ರೆ ನಂಬರ್ ಬದಲಾಗತ್ತೆ ಅನ್ನೋದಕ್ಕೆ ಒಳ್ಳೆ ಉದಾಹರಣೆ.

ಸೈಟ್‌ಗೆ ಒಂದು ಬೇಡಿಕೆ ಇದೆ. 2023-24ರಿಂದ ಲೀಗ್ ಹಾಕ್-ಐ ಕ್ಯಾಮೆರಾಗಳಿಗೆ ಬದಲಾಗಿದೆ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಜಾಗಗಳನ್ನ ಹಿಂಬಾಲಿಸೋ ತಾಕತ್ತು ಅದಕ್ಕಿದೆ, ಮೊಣಕಾಲು ಯಾವ ಕಡೆ ತಿರುಗಿದೆ, ಕೈ ಯಾವಾಗ ಎದ್ದಿತು ಎಲ್ಲಾ ಹಿಡಿಯತ್ತೆ. ಇಷ್ಟು ಮಾಹಿತಿ ಕೈಲಿಟ್ಕೊಂಡು ಜನಕ್ಕೆ ಮಾತ್ರ ಹತ್ತಿರ ಇದ್ದವನ ಮೇಲೆ ಬಿಲ್ ಹಾಕೋ ಅದೇ ಟೇಬಲ್ ತೋರಿಸೋದು ಯಾಕೋ ಸರಿ ಕಾಣಲ್ಲ. ಡ್ರೈವ್ (ಚೆಂಡು ಹಿಡಿದು ಬುಟ್ಟಿ ಕಡೆ ನುಗ್ಗೋದು) ಶುರುವಾಗಿ ರಿಮ್ ತನಕ ಹೋಗದೇ ವಾಪಸ್ ಆದದ್ದು ಎಷ್ಟು, ಆಗ ಪೇಂಟ್‌ನಲ್ಲಿ ನಿಂತಿದ್ದ ಸೆಂಟರ್ ಯಾರು, ಇಷ್ಟೇ ಇಷ್ಟು ಒಂದು ಕಾಲಮ್ ಹಾಕಿಕೊಟ್ರೆ ಎರಡು ಸ್ಟಾರ್ ನಾಲ್ಕಾಗತ್ತೆ. ಅಲ್ಲಿ ತನಕ ಯಾರಾದ್ರೂ ಬಂದು ಶೆಂಗುನ್ ಡಿಫೆನ್ಸ್ ಬಗ್ಗೆ ಒಂದೇ ನಂಬರ್ ಮುಂದಿಟ್ಟು ಜಗಳ ಮುಗಿಸೋಕೆ ಬಂದ್ರೆ, ಯಾವ ಪುಟದ್ದು, ಯಾವ ಫಿಲ್ಟರ್, ಅಂಗಳದಲ್ಲಿ ಜೊತೆಗೆ ಯಾರಿದ್ರು ಅಂತ ಮೂರು ಪ್ರಶ್ನೆ ಕೇಳಿ ಸಾಕು.