ಹರ್ನಿಯಾ ಆಪರೇಷನ್‌ಗೆ ಹೋಗೋರು ಓದಿ: ದುರ್ಬೀನಿನ ದುಡ್ಡು ಕಟ್ಟಿ ಕೊಯ್ಸಿಕೊಂಡು ಬಂದೆ

ಇದನ್ನು ಬರೆಯಲೋ ಬೇಡವೋ ಅಂತ ಇಪ್ಪತ್ತು ದಿನ ಒದ್ದಾಡಿದೆ. ರೋಗ ಬಂದ ಜಾಗವೇ ಅಂಥದ್ದು, ಹೇಳಿಕೊಳ್ಳೋಕೆ ನಾಚಿಕೆ. ಆದ್ರೆ ನಮ್ಮ ಓಣಿಯವರೊಬ್ಬರು ಅದೇ ಆಸ್ಪತ್ರೆಗೆ ಹೊರಟಿದ್ದಾರೆ ಅಂತ ಕೇಳಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ನಾನು ವಿಜಯಪುರ ಜಿಲ್ಲೆಯ ಇಂಡಿ ಊರಿನವನು, ಲಿಂಬೆ ವ್ಯಾಪಾರ. ಚೀಲ ಎತ್ತೋದೇ ಬದುಕು. ಬಲಗಡೆ ತೊಡೆಸಂದಿನಲ್ಲಿ ಲಿಂಬೆಹಣ್ಣಿನಷ್ಟೇ ಗಂಟು ಬಂತು, ನಗಬೇಡಿ. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಎರಡು ವರ್ಷ ಹೆಂಡತಿಗೂ ಹೇಳಲಿಲ್ಲ. ಬೆಲ್ಟ್ ತಂದು ಕಟ್ಟಿಕೊಂಡೆ. ಬೆಲ್ಟಿಂದ ಹರ್ನಿಯಾ ಹೋಗಲ್ಲ. ಹೊಟ್ಟೆಯ ಗೋಡೆಗೆ ಬಿದ್ದ ಕಿಂಡಿ ತಾನಾಗಿ ಮುಚ್ಚಲ್ಲ. ಆ ದುಡ್ಡೂ ದಂಡ.

ಕೊನೆಗೆ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಹೆಸರು ಕೇಳಬೇಡಿ. ಡಾಕ್ಟರು ಎರಡು ನಿಮಿಷ ನೋಡಿದರು. ಉಳಿದ ಮಾತೆಲ್ಲ ಹೊರಗೆ ಕೂತಿದ್ದ ಪ್ಯಾಕೇಜ್ ಹುಡುಗನದು.

"ಓಪನ್ ಆದ್ರ 40,000 ರೀ ಅಣ್ಣಾರ, ದುರ್ಬೀನ್ ಆದ್ರ 75,000. ಮೂರ ತೂತು. ಟಿವಿಯೊಳಗ ನೋಡಕೋತ ಮಾಡ್ತಾರ. ನಾಕ ದಿನಕ್ಕ ಅಂಗಡ್ಯಾಗ ಇರ್ತೀರಿ."

ಓಪನ್ ಅಂದ್ರೆ ಕೊಯ್ದು ಮಾಡೋದು. ದುರ್ಬೀನ್ ಅಂದ್ರೆ ಲ್ಯಾಪರೊಸ್ಕೋಪಿ, ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡೋದು. ಬೇಸಿಗೆ, ಲಿಂಬೆಗೆ ರೇಟ್ ಬರೋ ಕಾಲ. ನಾಲ್ಕು ದಿನ ಅನ್ನೋದೊಂದೇ ಕಿವಿಗೆ ಬಿತ್ತು. ಕಟ್ಟಿಬಿಟ್ಟೆ.

ಆಪರೇಷನ್ ಕೋಣೆಯಲ್ಲಿ ಕೂರಿಸಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ ಮರಗಟ್ಟಿತು, ತಲೆ ಪೂರ್ತಿ ಎಚ್ಚರ. ದುರ್ಬೀನ್‌ಗೆ ಸಾಮಾನ್ಯವಾಗಿ ಪೂರ್ತಿ ನಿದ್ದೆ ಬರಿಸ್ತಾರೆ ಅಂತ ಆಮೇಲೆ ಗೊತ್ತಾಯ್ತು. ಆಗ ಏನು ಗೊತ್ತು? ನಾನು ಟಿವಿ ಹುಡುಕಿದೆ. ನಿಜವಾಗಲೂ ಕತ್ತು ತಿರುಗಿಸಿ ಹುಡುಕಿದೆ. ಮೂಲೆಯಲ್ಲಿ ಒಂದು ಸ್ಟ್ಯಾಂಡ್ ಇತ್ತು, ಮೇಲೆ ಪ್ಲಾಸ್ಟಿಕ್ ಕವರ್.

"ಸಿಸ್ಟರ್, ಟಿವಿ ಹಚ್ಚಿಲ್ಲಲ್ರೀ?" ಅಂದೆ.

"ಸುಮ್ನ ಮಲಗ್ರಿ ಅಜ್ಜಾರ" ಅಂದಳು. ನನಗೆ 49!

ಆ ಕವರ್ ಕೊನೆವರೆಗೂ ಯಾರೂ ತೆಗೆಯಲಿಲ್ಲ.

ರಾತ್ರಿ ಮೂತ್ರ ಕಟ್ಟಿತು. ಈ ಆಪರೇಷನ್ ಆದ ಮೇಲೆ, ಅದರಲ್ಲೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ, ಕೆಲವರಿಗೆ ಹೀಗಾಗುತ್ತಂತೆ. ಅಳಿಯನ ಎದುರೇ ನಳಿಗೆ ಹಾಕಿದರು. ಮೊದಲೇ ಒಂದು ಮಾತು ಹೇಳಿದ್ದರೆ ಅವನನ್ನು ಚಹಾಕ್ಕಾದರೂ ಕಳಿಸ್ತಿದ್ದೆ.

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಮೂರು ತೂತಿಲ್ಲ. ಒಂದೂ ಇಲ್ಲ. ತೊಡೆಸಂದಿನ ಮೇಲೆ ನನ್ನ ನಡುಬೆರಳಿನಷ್ಟು ಉದ್ದದ ಗಾಯ. ಹೊಲಿಗೆ ಎಣಿಸಿದೆ, ಎಂಟು.

ಬಿಲ್ ಬಂತು: 98,400. ಅದರಲ್ಲಿ ದುರ್ಬೀನ್ ಚಾರ್ಜು ಇದೆ. ಹೊಟ್ಟೆ ಉಬ್ಬಿಸೋ ಗ್ಯಾಸಿನ ಚಾರ್ಜೂ ಇದೆ! ಒಳಗೆ ಹಾಕಿದ ಜಾಳಿಗೆ, ಅದೇ ಮೆಶ್, ಅದಕ್ಕೆ ಬೇರೆ 18,000. ಪ್ಯಾಕೇಜ್‌ನಲ್ಲಿ ಬರಲ್ವಂತೆ.

"ದುರ್ಬೀನ್ ಎಲ್ಲಿ ಹಾಕೀರಿ?" ಅಂದೆ.

"ಒಳಗ ಅಂಟಕೊಂಡಿತ್ರಿ, ಓಪನ್ ಮಾಡಬೇಕಾತು."

ದುರ್ಬೀನ್ ಹಾಕದೆ ಒಳಗೆ ಅಂಟಿಕೊಂಡಿದ್ದು ಹೇಗೆ ಕಾಣಿಸ್ತು? ಶುರು ಮಾಡಿ, ನಡುವೆ ತೊಡಕಾಗಿ ಓಪನ್‌ಗೆ ಬದಲಾಯಿಸೋದು ಇದೆ, ಅದು ತಪ್ಪಲ್ಲ. ಆದ್ರೆ ಆಗ ತೂತಿನ ಗುರುತಾದರೂ ಇರಬೇಕಲ್ವಾ?

"ಮತ್ತ ಗ್ಯಾಸಿನ ರೊಕ್ಕ?"

"ಅದು ಕಂಪ್ಯೂಟರ್‌ದಾಗ ತಾನ ಬರತೈತ್ರಿ."

ತಾನ ಬರತೈತಂತೆ! ಜಾಸ್ತಿ ಕೇಳಿದ್ದಕ್ಕೆ ನಾನು ಸಹಿ ಮಾಡಿದ ಫಾರಂ ಮುಂದಿಟ್ಟರು. ಸಹಿ ನನ್ನದೇ. ಇಂಗ್ಲಿಷ್ ಫಾರಂ, ಸಹಿ ಮಾಡುವಾಗ ಆಪರೇಷನ್ ಹೆಸರಿನ ಜಾಗ ಖಾಲಿ ಇತ್ತು. ಈಗ ತುಂಬಿತ್ತು. ಇದಕ್ಕೆ ಯಾರನ್ನು ಬೈಯಲಿ, ನನ್ನನ್ನೇ.

ಓಪನ್ ಆಪರೇಷನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮೊದಲ ಸಲ, ಒಂದೇ ಕಡೆ ಬಂದ ಹರ್ನಿಯಾಗೆ ಜಾಳಿಗೆ ಹಾಕಿ ಓಪನ್ ಮಾಡೋದು ಎಷ್ಟೋ ವರ್ಷದಿಂದ ನಡೆದು ಬಂದ ಒಳ್ಳೆ ವಿಧಾನ. ಎರಡೂ ಕಡೆ ಇದ್ದರೆ, ಓಪನ್ ಮಾಡಿದ್ದು ಮರಳಿ ಬಂದರೆ ದುರ್ಬೀನ್ ಅನುಕೂಲ. 40,000ಕ್ಕೆ ಓಪನ್ ಅಂದಿದ್ದರೆ ಖುಷಿಯಿಂದ ಮಾಡಿಸ್ಕೊಳ್ತಿದ್ದೆ. ಹೊಟ್ಟೆ ಉರಿಯೋದು ಅದಕ್ಕೇ.

ಇನ್ನು ಆ ನಾಲ್ಕು ದಿನದ ಕಥೆ. ಒಂಬತ್ತನೇ ದಿನ ಅಂಗಡಿಗೆ ಹೋಗಿ, ಆಳು ಬಂದಿಲ್ಲ ಅಂತ ಒಂದು ಚೀಲಕ್ಕೆ ಕೈ ಹಾಕಿದೆ. ಸಂಜೆಗೆ ಗಾಯದ ಹತ್ತಿರ ಬಾವು. ಮತ್ತೆ ಹರ್ನಿಯಾ ಬಂತು ಅಂತ ಜೀವ ಬಾಯಿಗೆ ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ ಆ ಹುಡುಗ ಏನಂದ ಗೊತ್ತಾ? "ಅಂಗಡ್ಯಾಗ ಇರ್ತೀರಿ ಅಂದಿದ್ನಿರಿ, ಚೀಲ ಎತ್ರಿ ಅಂದಿದ್ದಿಲ್ಲ."

ಬೇರೆ ಡಾಕ್ಟರು ನೋಡಿ, ನೀರು ತುಂಬಿದೆ, ಬಹಳಷ್ಟು ಸಲ ತಾನಾಗೇ ಇಂಗುತ್ತೆ ಅಂದರು. ಇಂಗ್ತಾ ಇದೆ. ನಡೆದಾಡಿ, ಕೂತು ವ್ಯಾಪಾರ ಮಾಡಿ, ಆದ್ರೆ 4ರಿಂದ 6 ವಾರ ಭಾರ ಎತ್ತಬೇಡಿ, ಮಲಬದ್ಧತೆ ಆಗೋಕೆ ಬಿಡಬೇಡಿ, ಕೆಮ್ಮುವಾಗ ಗಾಯಕ್ಕೆ ಕೈ ಒತ್ತಿ ಹಿಡಿಯಿರಿ ಅಂದರು. ಇಷ್ಟನ್ನು ಮೊದಲನೆಯವರು ಹೇಳೋಕೆ ಒಂದು ನಿಮಿಷ ಸಾಕಿತ್ತು.

ಹೋಗೋರು ಮೊದಲು ಬರೆಸಿಕೊಳ್ಳಿ: ಯಾವ ಆಪರೇಷನ್, ಮರಗಟ್ಟಿಸ್ತಾರೋ ನಿದ್ದೆ ಬರಿಸ್ತಾರೋ, ಜಾಳಿಗೆ ಪ್ಯಾಕೇಜ್‌ನಲ್ಲಿದೆಯೋ ಇಲ್ಲವೋ. ಖಾಲಿ ಫಾರಂಗೆ ಸಹಿ ಬೇಡ. ಜಾಳಿಗೆ ಡಬ್ಬಿಯ ಸ್ಟಿಕ್ಕರ್ ಕೇಳಿ ಇಸಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗೋಕೂ, ತುರ್ತು ಇಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮತ್ತೆ ನನ್ನ ಹಾಗೆ ನಾಚಿಕೆಯಿಂದ ಮುಂದೂಡಬೇಡಿ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಹಗಲಿರಲಿ ರಾತ್ರಿಯಿರಲಿ ತಕ್ಷಣ ಆಸ್ಪತ್ರೆ ಸೇರಬೇಕು. ಕರುಳು ಸಿಕ್ಕಿಕೊಂಡು ಕೊಳೆಯಬಹುದು.

ಕೇಳಿದ 72 ಗಂಟೆಯಲ್ಲಿ ದಾಖಲೆ ಕೊಡಬೇಕು ಅಂತ ವೈದ್ಯರಿಗೆ ನಿಯಮ ಇದೆ. ನಾನು ಬರೆದುಕೊಟ್ಟು 11 ದಿನ ಆಯ್ತು. ಆಪರೇಷನ್ ನೋಟ್ಸ್ ಇಲ್ಲ, ಸ್ಟಿಕ್ಕರ್ ಇಲ್ಲ. ಖಾಸಗಿ ಆಸ್ಪತ್ರೆಗಳ ದೂರು ಕೇಳೋ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು. ಸೋಮವಾರ ಅಲ್ಲಿಗೆ ಅರ್ಜಿ ಕೊಡ್ತೀನಿ.

ನಿನ್ನೆ ಆ ಹುಡುಗನ ಫೋನ್ ಬಂತು. ನೋಟ್ಸ್ ರೆಡಿ ಆಯ್ತೇನೋ ಅಂತ ಎತ್ತಿದೆ. "ಅಣ್ಣಾರ, ನಿಮ್ಮ ಎಡಗಡಿ ಸುದ್ದಾ ಸ್ವಲ್ಪ ಸಡಿಲ ಐತಂತ್ರಿ. ಈ ತಿಂಗಳ ಮಾಡಿಸಿದ್ರ ರಿಯಾಯಿತಿ ಐತಿ" ಅಂದ.