ಹಳೆಯ ಫರ್ಗುಸನ್‌ಗೆ ಡೀಸೆಲ್ ಎಂಜಿನ್: ಜೀಪಿನದೋ, ಟ್ರ್ಯಾಕ್ಟರಿನದೋ?

ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಬೂದು ಬಣ್ಣದ ಫರ್ಗುಸನ್ ಟಿಇ20 ಟ್ರ್ಯಾಕ್ಟರ್ ನಮ್ಮ ಸಕಲೇಶಪುರದ ಕಡೆ ಒಂದೊಂದು ಷೆಡ್ಡಿನಲ್ಲಿ ಇನ್ನೂ ಉಳಿದಿದೆ. ಗೇರು, ಹೈಡ್ರಾಲಿಕ್ ಗಟ್ಟಿ. ಪೆಟ್ರೋಲಿನ ಖರ್ಚೇ ತಡೆಯಲಾಗದು. ನನ್ನ ಗಾಡಿಗೆ ಹಳೆಯ ಜೀಪಿನ ನಾಲ್ಕು ಸಿಲಿಂಡರ್ ಡೀಸೆಲ್ ಕೂರಿಸಿದೆ. ಬೇಲೂರಿನ ನನ್ನ ಷಡ್ಡಕರು ತಮ್ಮದಕ್ಕೆ ಸಿಂಪ್ಸನ್‌ನ ಮೂರು ಸಿಲಿಂಡರ್ ಟ್ರ್ಯಾಕ್ಟರ್ ಎಂಜಿನ್ ಹಾಕಿಸಿದರು. ಎರಡನ್ನೂ ಆಲೂಗಡ್ಡೆ ಹೊಲದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟಿನಲ್ಲಿ ಓಡಿಸಿ ನೋಡಿದ್ದೇನೆ.

ಈ ಟ್ರ್ಯಾಕ್ಟರಿಗೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಎಂಬುದೇ ಇಲ್ಲ. ಮುಂದಿನ ಅಚ್ಚು ಎಂಜಿನ್ನಿಗೆ, ಎಂಜಿನ್ ಗೇರ್‌ಬಾಕ್ಸಿಗೆ, ಗೇರ್‌ಬಾಕ್ಸ್ ಹಿಂದಿನ ಅಚ್ಚಿಗೆ ಬೋಲ್ಟಾಗಿದೆ. ಎಂಜಿನ್ನೇ ಅದರ ಬೆನ್ನುಮೂಳೆ. ಜೀಪಿನ ಎಂಜಿನ್ನಾದರೋ ಚಾಸಿಯ ಮೇಲೆ ರಬ್ಬರ್ ಮೌಂಟಿಂಗ್‌ನಲ್ಲಿ ಕೂರುವಂಥದ್ದು, ಭಾರ ಹೊರುವುದಕ್ಕೆ ಮಾಡಿದ್ದಲ್ಲ. ಎರಡೂ ಬದಿಗೆ ಕಬ್ಬಿಣದ ಚಾನಲ್‌ನಿಂದ ಚೌಕಟ್ಟು ಕಟ್ಟಿಸಲೇಬೇಕಾಯಿತು. ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಹಾಸನದ ಲೇತ್ ಅಂಗಡಿಯಲ್ಲಿ ಆಯಿತು. ಪ್ಲೇಟಿನ ನಡುವಿನ ತೂತು ಕ್ರ್ಯಾಂಕಿನ ನೇರಕ್ಕೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಒತ್ತಿದ ಕಾಲಿಗೆ ನಡುಕ ಹತ್ತುತ್ತದೆ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕೂಗಲು ಶುರುವಾಗುತ್ತದೆ.

ಮೂರು ಸಿಲಿಂಡರ್ ಎಂಜಿನ್ನಿಗೂ ಪ್ಲೇಟ್ ಬೇಕು, ಚೌಕಟ್ಟು ಬೇಡ. ಈ ಜೋಡಿ ಹೊಸದೂ ಅಲ್ಲ: ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿ 1950ರ ದಶಕದಲ್ಲೇ ಟಿಇ20ಗೆ ಕೂರಿಸಲು ಪಿ3 ಡೀಸೆಲ್ ಮಾರುತ್ತಿತ್ತು, ಚೆನ್ನೈನ ಸಿಂಪ್ಸನ್ ಎಂಜಿನ್‌ಗಳೂ ಪರ್ಕಿನ್ಸ್ ವಂಶದವೇ. ಎಂಜಿನ್ನಿನ ಉದ್ದ ಬೇರೆಯಾದ್ದರಿಂದ ಮುಂದಿನ ಅಚ್ಚು ಎಷ್ಟು ಜರುಗುತ್ತದೋ ಸ್ಟೀರಿಂಗ್ ರಾಡುಗಳನ್ನೂ ಅಚ್ಚು ಹಿಡಿಯುವ ರಾಡುಗಳನ್ನೂ ಅಷ್ಟೇ ಉದ್ದ ಮಾಡಬೇಕು. ಇದನ್ನು ಬೆಸುಗೆಯ ಮೇಲೆ ಬೆಸುಗೆ ಹಾಕಿ ಮುಗಿಸುವವರ ಕೈಗೆ ಗಾಡಿ ಕೊಡಬೇಡಿ.

ಹೊಲಕ್ಕಿಳಿದ ಮೇಲೆ ಎದ್ದು ಕಾಣುವುದು ಎಂಜಿನ್ ವೇಗವನ್ನು ಹತೋಟಿಯಲ್ಲಿಡುವ ಗವರ್ನರ್. ನನ್ನ ಜೀಪ್ ಎಂಜಿನ್ನಿನ ಡೀಸೆಲ್ ಪಂಪು ಐಡ್ಲಿಂಗ್ ಮತ್ತು ಗರಿಷ್ಠ ವೇಗ ಎರಡನ್ನು ಮಾತ್ರ ನೋಡಿಕೊಳ್ಳುತ್ತದೆ. ನಡುವಿನದೆಲ್ಲ ಓಡಿಸುವವನ ಜವಾಬ್ದಾರಿ. ನೇಗಿಲು ಗಟ್ಟಿ ನೆಲಕ್ಕೆ ಬಿದ್ದರೆ ಎಂಜಿನ್ ಕುಸಿಯುತ್ತದೆ, ವೇಗದ ಲಿವರ್ ಎಳೆಯಬೇಕು. ಮೆದು ನೆಲ ಸಿಕ್ಕೊಡನೆ ಅಬ್ಬರಿಸುತ್ತದೆ, ಇಳಿಸಬೇಕು. ಪಲ್ಪರ್‌ಗೆ ಇನ್ನೂ ಕಷ್ಟ. ಹಣ್ಣು ತುಂಬಿ ಬಂದಾಗ ನಿಧಾನ, ಖಾಲಿಯಾದಾಗ ಓಟ. ಲಿವರ್ ಹಿಡಿದು ನಿಲ್ಲಲು ಒಬ್ಬ ಆಳು ಬೇಕು. ಟ್ರ್ಯಾಕ್ಟರಿನ ಪಂಪಿಗೆ ಲಿವರನ್ನು ಒಂದು ಕಡೆ ನಿಲ್ಲಿಸಿದರೆ ಸಾಕು, ಭಾರ ಬಿದ್ದಂತೆಲ್ಲ ತಾನೇ ಡೀಸೆಲ್ ಹೆಚ್ಚಿಸಿಕೊಳ್ಳುತ್ತದೆ. ಸುಮಾರು 1500 ಆರ್‌ಪಿಎಂನಲ್ಲಿ ಪಿಟಿಒ (ಬೇರೆ ಯಂತ್ರ ತಿರುಗಿಸಲು ಹಿಂದೆ ಇರುವ ಶಾಫ್ಟ್) 540ರ ಆಸುಪಾಸು ನಿಂತಿತೆಂದರೆ ಅಲ್ಲೇ ನಿಂತಿರುತ್ತದೆ. ಕಾಗದದ ಮೇಲೆ ಜೀಪಿನದೇ ಹೆಚ್ಚು ಎಚ್‌ಪಿ, ನಿಜ. ಆದರೆ ಆ ಎಚ್‌ಪಿ ಬರುವಷ್ಟು ಎಂಜಿನ್ ವೇಗಕ್ಕೆ ಫರ್ಗುಸನ್ ಎಂದೂ ಹೋಗುವುದಿಲ್ಲ. ಹಿಂದೆ ಮಹೀಂದ್ರ ಜೀಪುಗಳಿಗೆ ಬಿ-275 ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಹಾಕುತ್ತಿದ್ದರು. ಟ್ರ್ಯಾಕ್ಟರಿನದು ಜೀಪಿಗೆ ನಡೆಯಿತು, ಜೀಪಿನದು ಟ್ರ್ಯಾಕ್ಟರಿಗೆ ಒಗ್ಗಲಿಲ್ಲ.

ಟ್ರೇಲರ್ ಕಟ್ಟಿ ರಸ್ತೆಗೆ ಇಳಿದರೆ ಮಾತ್ರ ನನ್ನದೇ ಮೇಲು. ಅದುರುವುದಿಲ್ಲ, ಡಿಸೆಂಬರ್ ಬೆಳಿಗ್ಗೆಯೂ ಬೇಗ ಸ್ಟಾರ್ಟ್ ಆಗುತ್ತದೆ, ಬಿಡಿಭಾಗ ಹಾಸನದಲ್ಲೇ ಸಿಗುತ್ತದೆ. ಷಡ್ಡಕರ ಮೂರು ಸಿಲಿಂಡರ್ ಬಾನೆಟ್ಟಿನ ನಟ್ಟುಗಳನ್ನೆಲ್ಲ ಸಡಿಲ ಮಾಡುತ್ತದೆ. ಗೇರ್ ಲಿವರನ್ನು ‘ಎಸ್’ಗೆ ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಏರ್ಪಾಡು ಎರಡರಲ್ಲೂ ಉಳಿಯಿತು, ದೊಡ್ಡ ಬ್ಯಾಟರಿ, ದಪ್ಪ ಕೇಬಲ್ ಹಾಕಿಸಬೇಕಾಯಿತು, ಅಷ್ಟೇ.

ಪಂಪ್‌ಸೆಟ್ಟಿನ ಒಂಟಿ ಸಿಲಿಂಡರ್ ಹಾಕಿ ಎನ್ನುವವರೂ ಇದ್ದಾರೆ. ಅಷ್ಟು ಕಡಿಮೆ ಎಚ್‌ಪಿಗೆ ಟ್ರ್ಯಾಕ್ಟರ್ ಯಾಕೆ?

ಯಾವ ಎಂಜಿನ್ ಹಾಕಿದರೂ ಕ್ಲಚ್ ಒತ್ತಿದೊಡನೆ ಪಿಟಿಒ, ಹೈಡ್ರಾಲಿಕ್ ಎರಡೂ ನಿಲ್ಲುವ ಗುಣ ಹೋಗುವುದಿಲ್ಲ. ಹಿಂದಿನ ಅಚ್ಚು ಮೂವತ್ತು ಎಚ್‌ಪಿಯೊಳಗಿನ ಕಾಲದ್ದು, ಆದ್ದರಿಂದ ಮಣ್ಣು ಪುಡಿಮಾಡುವ ರೋಟವೇಟರ್ ಆಸೆ ಬಿಡಿ. ಎಂಜಿನ್ ಕೊಳ್ಳುವಾಗ ಅದರ ಮೂಲ ಕಾಗದ ಕೇಳಿ ಪಡೆಯಿರಿ. ಆರ್‌ಟಿಒ ಅನುಮತಿಯಿಲ್ಲದೆ, ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ಸೇರದೆ ರಸ್ತೆಗೆ ಇಳಿಸುವಂತಿಲ್ಲ.