ಎಲ್‌ಟಿಎಸ್‌ಪಿ, ಫಾಗ್, ಐಸ್ಕಸಿ: ಒಂದೇ ಲ್ಯಾಬಿನಲ್ಲಿ ಮೂರನ್ನೂ ಓಡಿಸಿ ನೋಡಿದೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ 24 ಕಂಪ್ಯೂಟರ್ ಇವೆ. ಹದಿನಾರು ಹಳೆಯವು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಕರಕರ ಅನ್ನುವ ಹಾರ್ಡ್‌ಡಿಸ್ಕ್. ಉಳಿದ ಎಂಟು ಹೊಸವು, ಎಸ್‌ಎಸ್‌ಡಿ ಇರುವವು. ಪ್ರತಿ ಸೆಮಿಸ್ಟರ್‌ಗೂ ಮುಂಚೆ ಪೆನ್‌ಡ್ರೈವ್ ಹಿಡಿದು ಒಂದೊಂದೇ ಯಂತ್ರದ ಮುಂದೆ ಕೂರುವುದು ನನ್ನ ಪಾಲಿಗೆ ಬಂದ ಕೆಲಸ. ಹೋದ ಸಲ ಹದಿನೇಳನೇ ನಂಬರಿನ ಡಿಸ್ಕ್ ಇನ್‌ಸ್ಟಾಲ್ ನಡುವೆಯೇ ಸತ್ತಿತು. ಅವತ್ತು ಸಾಕಪ್ಪಾ ಅನ್ನಿಸಿತು. ನೆಟ್‌ವರ್ಕ್ ಮೂಲಕವೇ ಬೂಟ್ ಮಾಡಿಸಿ ನೋಡೋಣ ಎಂದು ಕೂತೆ.

ನಮಗೆ ಬೇಕಾದದ್ದು ಎರಡು. ಸಿ, ಪೈಥಾನ್, ಡಿಬಿಎಂಎಸ್ ಕಲಿಯುವವರಿಗೆ ಲಿನಕ್ಸ್ ಸಾಕು. ಆದರೆ ಬಿ.ಕಾಂ. ಮಕ್ಕಳಿಗೆ ಟ್ಯಾಲಿ ಬೇಕು, ಕನ್ನಡ ಟೈಪಿಂಗ್‌ಗೆ ಬರುವವರಿಗೆ ನುಡಿ ಬೇಕು. ಎರಡಕ್ಕೂ ವಿಂಡೋಸ್ ಇಲ್ಲದೆ ಆಗದು. ಲಿನಕ್ಸಿನಲ್ಲೂ ಕೆಜಿಪಿ (ಕಗಪ) ಕೀಲಿಮಣೆ ಇದೆ, ಚೆನ್ನಾಗಿಯೇ ಇದೆ. ಆದರೆ ಕಚೇರಿಗಳಿಂದ ಬರುವ ಹಳೆಯ ನುಡಿ ಫೈಲುಗಳನ್ನು ತೆರೆದು ತಿದ್ದಬೇಕಲ್ಲ, ಅದಕ್ಕೆ ವಿಂಡೋಸೇ ಸಲೀಸು.

ಮೂರು ದಾರಿ ಕಂಡವು. ಒಂದು, ಎಲ್‌ಟಿಎಸ್‌ಪಿ. ಸರ್ವರಿನಲ್ಲಿ ಒಂದು ಲಿನಕ್ಸ್ ಇಮೇಜ್ (ಇಡೀ ಸಿಸ್ಟಂನ ಪಡಿಯಚ್ಚು) ಇಟ್ಟು ಎಲ್ಲ ಯಂತ್ರಗಳೂ ಅದನ್ನೇ ಓದುವುದು. ಎರಡು, ಫಾಗ್. ಇಮೇಜನ್ನು ನೆಟ್‌ವರ್ಕ್ ಮೂಲಕ ಪ್ರತಿ ಯಂತ್ರದ ಡಿಸ್ಕಿಗೆ ಸುರಿಯುವುದು. ಮೂರು, ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಐಪಿಎಕ್ಸ್‌ಇ ಎಂಬ ಪುಟ್ಟ ಪ್ರೋಗ್ರಾಮ್ ಜೊತೆ ಐಸ್ಕಸಿ. ಸರ್ವರಿನಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಮೇಲೆ ಒಂದೊಂದು ಯಂತ್ರಕ್ಕೂ ಒಂದೊಂದು ಡಿಸ್ಕ್ ಮಾಡಿ, ತಂತಿಯ ಮೂಲಕ ಅದೇ ಅವರ ಸ್ವಂತ ಡಿಸ್ಕ್ ಎಂದು ನಂಬಿಸುವುದು. ತೈವಾನಿನವರ ಕ್ಲೋನ್‌ಜಿಲ್ಲಾವನ್ನೂ ಎರಡು ದಿನ ನೋಡಿದೆ. ಕೆಲಸ ಫಾಗ್‌ನದ್ದೇ, ಒಳಗೆ ಓಡುವ, ಡಿಸ್ಕ್ ನಕಲು ಮಾಡುವ ಪಾರ್ಟ್‌ಕ್ಲೋನ್ ಕೂಡ ಅದೇ. ನನಗೆ ಬ್ರೌಸರಿನಲ್ಲಿ ಕೂತು ನೋಡುವ ಪುಟ ಬೇಕಿತ್ತು, ಹಾಗಾಗಿ ಬಿಟ್ಟೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಒಂದು ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್, ಎರಡು ಎಸ್‌ಎಸ್‌ಡಿ ಮಿರರ್ (ಒಂದರ ನಕಲು ಇನ್ನೊಂದರಲ್ಲಿ), ಡೆಬಿಯನ್ 12 ಲಿನಕ್ಸ್, ಒಂದು ಗಿಗಾಬಿಟ್ ಕೇಬಲ್.

ಮೂರರಲ್ಲಿ ಯಾವುದನ್ನು ಹಾಕಿದರೂ ಮೊದಲ ಕಂಟಕ ಒಂದೇ. ಯಂತ್ರ ಆನ್ ಆದ ಕೂಡಲೇ ನೆಟ್‌ವರ್ಕ್ ಕಾರ್ಡ್ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೇವೆಯನ್ನು ಕೇಳುತ್ತದೆ. ಐಪಿ ಬರಬೇಕು, ಜೊತೆಗೆ ಯಾವ ಫೈಲ್ ಎಳೆಯಬೇಕು ಎಂಬುದೂ ಬರಬೇಕು. ಮೊದಲ ದಿನ ಅರ್ಧ ಯಂತ್ರಗಳಿಗೆ ಬಂತು, ಅರ್ಧಕ್ಕೆ ಬರಲಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಊಟ ಬಿಟ್ಟೆ. ಕೊನೆಗೆ ನೋಡಿದರೆ ಹಳೆಯ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳು ಸುತ್ತು ಹಾಕಿಕೊಂಡರೆ ತಡೆಯುವ ವ್ಯವಸ್ಥೆ) ಆನ್ ಇತ್ತು. ಪೋರ್ಟಿಗೆ ಜೀವ ಬಂದ ಮೇಲೂ ಅದು 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ, ಆಮೇಲಷ್ಟೇ ಡೇಟಾ ಬಿಡುತ್ತದೆ. ಅಷ್ಟು ಹೊತ್ತಿಗೆ ಕಾರ್ಡಿನೊಳಗಿನ ಬೂಟ್ ಪ್ರೋಗ್ರಾಮ್ ಕೈಚೆಲ್ಲಿ ಕೂತಿರುತ್ತದೆ. ಈ ಕಾಯುವಿಕೆ ಬಿಟ್ಟುಬಿಡುವ ಪೋರ್ಟ್‌ಫಾಸ್ಟ್ ಆನ್ ಮಾಡಿದೆ, ಮುಗಿಯಿತು. ಯಂತ್ರದ ತಪ್ಪಲ್ಲ, ಸಾಫ್ಟ್‌ವೇರಿನ ತಪ್ಪೂ ಅಲ್ಲ, ಸ್ವಿಚ್ ನೋಡದೇ ಹೊರಟ ನನ್ನದು.

ಎರಡನೆಯದು ಬಯೋಸ್, ಯುಇಎಫ್‌ಐ ಜಗಳ. ಯಂತ್ರವನ್ನು ಎಬ್ಬಿಸುವ ಹಳೆಯ ಪದ್ಧತಿ ಒಂದು, ಹೊಸದು ಇನ್ನೊಂದು. ಹಳೆಯವಕ್ಕೆ ಒಂದು ಬೂಟ್ ಫೈಲ್, ಹೊಸವಕ್ಕೆ ಇನ್ನೊಂದು. ಡಿಎಚ್‌ಸಿಪಿಯ 93ನೇ ಆಪ್ಷನ್‌ನಲ್ಲಿ ಯಂತ್ರ ತನ್ನ ಜಾತಿ ಹೇಳುತ್ತದೆ, ಸೊನ್ನೆ ಬಂದರೆ ಬಯೋಸ್, 7 ಬಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಫೈಲ್ ಕೊಡುವುದು ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ಸರ್ವರ್ ಪ್ರೋಗ್ರಾಮ್‌ಗೆ ಗೊತ್ತು. ಕಾಲೇಜಿನ ರೂಟರ್ ಮುಟ್ಟುವ ಅಧಿಕಾರ ನನಗಿರಲಿಲ್ಲ. ಹಾಗಾಗಿ ಅದನ್ನು ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಓಡಿಸಿದೆ. ಐಪಿ ರೂಟರ್ ಕೊಡಲಿ, ಬೂಟ್ ಫೈಲಿನ ಹೆಸರು ನಾನು ಕೊಡುತ್ತೇನೆ ಎಂಬ ಒಪ್ಪಂದ.

ಇಲ್ಲಿಂದ ಮುಂದೆ ದಾರಿಗಳು ಬೇರೆ ಬೇರೆ.

ಎಲ್‌ಟಿಎಸ್‌ಪಿ ಓಡಿದ ಮೊದಲ ದಿನವೇ ಖುಷಿ ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಒಂದು ದಿನ ಹಾಳಾಯಿತು. 1999ರಿಂದ ಇರುವ ಪ್ರಾಜೆಕ್ಟ್ ಇದು. 2019ರಲ್ಲಿ ಪೂರ್ತಿ ಹೊಸದಾಗಿ ಬರೆದರು. ಅಂತರ್ಜಾಲದಲ್ಲಿ ಸಿಗುವ ಸೂಚನೆಗಳಲ್ಲಿ ಬಹಳಷ್ಟು ಅದಕ್ಕೂ ಹಿಂದಿನವು. ಅವು ಹೇಳುವ ಬಿಲ್ಡ್ ಕ್ಲೈಂಟ್ ಕಮಾಂಡೇ ಈಗ ಇಲ್ಲ. ಹೊಸ ಆವೃತ್ತಿಯ ಟಿಪ್ಪಣಿ ಮೊದಲೇ ಓದಿದ್ದರೆ ಅರ್ಧ ಗಂಟೆಯ ಕೆಲಸ: ಸರ್ವರನ್ನೇ ನಮಗೆ ಬೇಕಾದಂತೆ ಸಜ್ಜು ಮಾಡಿ, ಇಮೇಜ್ ಕಮಾಂಡ್ ಕೊಟ್ಟರೆ ಇಡೀ ಸರ್ವರನ್ನೇ ಒತ್ತಿ ಒಂದು ಸ್ಕ್ವಾಷ್ ಫೈಲ್ ಮಾಡಿಬಿಡುತ್ತದೆ. ಕ್ಲೈಂಟ್‌ಗಳು, ಅಂದರೆ ಮಕ್ಕಳ ಯಂತ್ರಗಳು, ಅದನ್ನು ಎನ್‌ಎಫ್‌ಎಸ್ ಎಂಬ ಫೈಲ್ ಹಂಚಿಕೆಯ ಮೂಲಕ ಓದುತ್ತವೆ. ಹದಿನಾರು ಮುದಿ ಯಂತ್ರಗಳ ಹಾರ್ಡ್‌ಡಿಸ್ಕ್ ವೈರ್ ಕಿತ್ತು ಹಾಕಿದೆ. ಲ್ಯಾಬಿನಲ್ಲಿ ಆ ಕರಕರ ನಿಂತಾಗ ಕಿವಿಗೆ ಏನೋ ಕಳೆದುಹೋದಂತೆ ಆಯಿತು.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಡಿಬಿಎಂಎಸ್ ಲ್ಯಾಬ್ ದಿನ ಕರೆಂಟ್ ಹೋಯಿತು. ಸರ್ವರಿಗೆ ಯುಪಿಎಸ್ ಇತ್ತು, ಮಕ್ಕಳ ಯಂತ್ರಗಳಿಗೆ ಇರಲಿಲ್ಲ. ಕರೆಂಟ್ ಬಂತು, ಎಲ್ಲ ಬೂಟ್ ಆದವು, ಲಾಗಿನ್ ಆದರು. ಟೇಬಲ್ ಒಂದೂ ಇಲ್ಲ. ಹದಿನಾರು ಮಕ್ಕಳು ಒಂದೂವರೆ ಗಂಟೆ ಕಟ್ಟಿದ ಡೇಟಾಬೇಸ್ ಗಾಳಿಗೆ ಹೋಗಿತ್ತು.

ಕಾರಣ ಸರಳ. ಎಲ್‌ಟಿಎಸ್‌ಪಿಯಲ್ಲಿ ಇಮೇಜ್ ಓದಲಿಕ್ಕೆ ಮಾತ್ರ. ಯಂತ್ರ ಬರೆಯುವುದೆಲ್ಲ ಅದರ ಮೇಲೆ ಹೊದಿಸಿದ ಒಂದು ಪದರಕ್ಕೆ ಹೋಗುತ್ತದೆ, ಆ ಪದರ ಇರುವುದು ರ‍್ಯಾಮಿನಲ್ಲಿ. ಹೋಮ್ ಫೋಲ್ಡರ್ ಮಾತ್ರ ಸರ್ವರಿನಿಂದ ಬರುತ್ತದೆ. ಆದ್ದರಿಂದ ಸಿ ಪ್ರೋಗ್ರಾಮ್‌ಗಳು ಉಳಿದವು. ಮೈಎಸ್‌ಕ್ಯುಎಲ್ ತನ್ನ ಡೇಟಾ ಇಡುವುದು ವಾರ್ ಫೋಲ್ಡರಿನೊಳಗೆ, ಹೋಮ್‌ನಲ್ಲಿ ಅಲ್ಲ. ಹಾಗಾಗಿ ರ‍್ಯಾಮ್ ಜೊತೆ ಅದೂ ಹೋಯಿತು. ಇದು ಎಲ್‌ಟಿಎಸ್‌ಪಿಯ ದೋಷವಲ್ಲ, ಅದು ಇರುವುದೇ ಹಾಗೆ. ನಾನು ಗಮನಿಸಿರಲಿಲ್ಲ ಅಷ್ಟೆ.

ಅವತ್ತಿನಿಂದ ನಾನು ಪ್ರತಿಯೊಂದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ಬರೆದದ್ದು ಎಲ್ಲಿಗೆ ಹೋಗುತ್ತದೆ? ಎಷ್ಟು ಸೆಕೆಂಡಿನಲ್ಲಿ ಬೂಟ್ ಆಯಿತು ಎಂದು ಸ್ಟಾಪ್‌ವಾಚ್ ಹಿಡಿದದ್ದು ಸುಮ್ನೆ ಶೋಕಿ. ಮೂರೂ ಬೂಟ್ ಆಗುತ್ತವೆ.

ಫಾಗ್‌ನಲ್ಲಿ ಉತ್ತರ ನೇರ. ಬರೆದದ್ದು ಆ ಯಂತ್ರದ ಡಿಸ್ಕಿಗೆ ಹೋಗುತ್ತದೆ. ಇಮೇಜ್ ಸುರಿದ ಮೇಲೆ ಸರ್ವರ್ ಆರಿಸಿದರೂ ಯಂತ್ರ ಓಡುತ್ತದೆ. ವಿಂಡೋಸ್‌ಗೆ ಇದೇ ನೆಮ್ಮದಿ. ಒಂದು ಯಂತ್ರ ಸಿದ್ಧ ಮಾಡಿ, ಅದರ ಇಮೇಜ್ ಎಳೆದು, ಉಳಿದ ಏಳಕ್ಕೆ ಹಂಚುವುದು. ಇಮೇಜ್ ಎಳೆಯುವಾಗ ಒಂದು ಸಲ ಮುಗ್ಗರಿಸಿದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ನಿಜವಾದ ಶಟ್‌ಡೌನ್ ಅಲ್ಲ, ಅರೆನಿದ್ದೆ. ಆ ಡ್ರೈವನ್ನು ಫಾಗ್ ಮುಟ್ಟಲು ಒಪ್ಪುವುದಿಲ್ಲ. ಹೈಬರ್ನೇಟ್ ಆಫ್ ಮಾಡಿ ಮತ್ತೆ ಆರಿಸಿದರೆ ಸರಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೂಡ ಮೊದಲೇ ತೆಗೆದಿರಬೇಕು.

ಹಂಚುವ ಲೆಕ್ಕ ಕುತೂಹಲದ್ದು. ಗಿಗಾಬಿಟ್ ತಂತಿ ಕಾಗದದ ಮೇಲೆ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು 110ರ ಆಚೀಚೆ. 20 ಜಿಬಿ ಇಮೇಜನ್ನು 24 ಯಂತ್ರಕ್ಕೆ ಬೇರೆ ಬೇರೆ ಕಳಿಸಿದರೆ ಒಟ್ಟು 480 ಜಿಬಿ, ಒಂದು ಗಂಟೆಗೂ ಜಾಸ್ತಿ. ಮಲ್ಟಿಕಾಸ್ಟ್‌ನಲ್ಲಿ ಒಂದೇ ಸಲ ಕಳಿಸಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಕಾಗದದ ಮೇಲೆ ಮೂರು ನಿಮಿಷ. ಆದರೆ ಮಲ್ಟಿಕಾಸ್ಟ್ ಅಂದರೆ ಮೆರವಣಿಗೆ ಇದ್ದ ಹಾಗೆ, ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಗೇ ಎಲ್ಲರೂ ನಡೆಯಬೇಕು. ಡಿಸ್ಕ್ ಕೀಳುವ ಮುಂಚೆ ಪರೀಕ್ಷೆಗೆಂದು 24ನ್ನೂ ಸೇರಿಸಿ ಬಿಟ್ಟಿದ್ದೆ. ಒಂಬತ್ತನೇ ನಂಬರಿನ ಡಿಸ್ಕ್ ಏದುಸಿರು ಬಿಡುತ್ತಿತ್ತು, ಉಳಿದ ಇಪ್ಪತ್ತಮೂರೂ ಅದಕ್ಕಾಗಿ ಕಾದು ಕೂತವು. ಅದನ್ನು ಬಿಟ್ಟು ಮತ್ತೆ ಶುರು ಮಾಡಿದ ಮೇಲೇ ಕೆಲಸ ಸಾಗಿತು. ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟ್ ಕೇಳಿದ ಪೋರ್ಟಿಗಷ್ಟೇ ಕಳಿಸುವ ಸೌಲಭ್ಯ) ಇಲ್ಲದಿದ್ದರೆ ಈ ಪ್ರವಾಹ ಆಫೀಸಿನ ಪ್ರಿಂಟರ್‌ವರೆಗೂ ಹರಿಯುತ್ತದೆ. ಅದನ್ನೂ ಕಂಡೆ. ಕಚೇರಿಯಿಂದ ಫೋನ್ ಬಂತು.

ಫಾಗ್ ಬೇಡವೆನ್ನಿಸುವುದು ಯಾವಾಗ ಅಂದರೆ, ಮಕ್ಕಳು ಕೆಡಿಸಿದ ಒಂದೇ ಯಂತ್ರ ಸರಿಮಾಡಲು ಮತ್ತೆ ಇಡೀ ಇಮೇಜ್ ಸುರಿಯಬೇಕಾದಾಗ. ಪಾಠದ ನಡುವೆ ಅದು ಆಗದ ಕೆಲಸ.

ಅಲ್ಲೇ ಐಸ್ಕಸಿ ಮನಸ್ಸು ಸೆಳೆಯಿತು. ಝಡ್‌ಎಫ್‌ಎಸ್‌ನಲ್ಲಿ 60 ಜಿಬಿಯ ಒಂದು ಜ್ವೋಲ್ (ಡಿಸ್ಕಿನಂತೆ ಕಾಣುವ ಜಾಗ) ಮಾಡಿ, ಅದರಲ್ಲಿ ವಿಂಡೋಸ್ ಕೂರಿಸಿ, ಆ ಕ್ಷಣದ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ಎಂಟು ಕ್ಲೋನ್ ಹುಟ್ಟಿಸಿದೆ. ಕ್ಲೋನ್ ಹುಟ್ಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಹುಟ್ಟಿದಾಗ ಜಾಗವೂ ಹೆಚ್ಚುಕಮ್ಮಿ ಸೊನ್ನೆ. ಬದಲಾದ ಬ್ಲಾಕ್‌ಗಳಷ್ಟೇ ಹೊಸ ಜಾಗ ತಿನ್ನುತ್ತವೆ. ಯಂತ್ರ ಕೆಟ್ಟಿತಾ? ಕ್ಲೋನ್ ಅಳಿಸಿ, ಹೊಸದು ಹುಟ್ಟಿಸಿ, ರೀಬೂಟ್. ಒಂದು ನಿಮಿಷ. ಇದನ್ನು ಮೊದಲ ಸಲ ಮಾಡಿದಾಗ ಪಕ್ಕದಲ್ಲಿದ್ದ ಅಟೆಂಡರ್ ನಂಬಲಿಲ್ಲ, ಇನ್ನೊಮ್ಮೆ ಮಾಡಿ ತೋರಿಸಿ ಅಂದರು. ಎಂಟೂ ಯಂತ್ರ ಒಟ್ಟಿಗೆ ಬೂಟ್ ಆದರೂ ಸರ್ವರಿನ ಎಸ್‌ಎಸ್‌ಡಿ ತಣ್ಣಗೆ ಕೂತಿರುತ್ತದೆ. ಕ್ಲೋನ್‌ಗಳೆಲ್ಲ ಹಂಚಿಕೊಂಡದ್ದು ಒಂದೇ ಬ್ಲಾಕ್‌ಗಳು, ಒಮ್ಮೆ ಓದಿದರೆ ರ‍್ಯಾಮಿನ ಕ್ಯಾಷ್‌ನಲ್ಲಿ ಉಳಿಯುತ್ತವೆ. ಇಕ್ಕಟ್ಟಾಗುವುದು ತಂತಿ. 125 ಎಂಬಿಯನ್ನು ಎಂಟಕ್ಕೆ ಹಂಚಿದರೆ ತಲಾ 15 ಎಂಬಿ. 24ಕ್ಕೆ ಹಂಚಿದರೆ ಐದು, ಅಂದರೆ ಆ ಹಳೆಯ ಹಾರ್ಡ್‌ಡಿಸ್ಕೇ ವಾಸಿ. ಸರ್ವರಿಗೆ 10 ಗಿಗಾಬಿಟ್ ಕಾರ್ಡ್ ಇಲ್ಲದೆ ಇಡೀ ಲ್ಯಾಬಿಗೆ ಇದನ್ನು ಹಾಕಬೇಡಿ.

ಇಲ್ಲಿ ಬರೆದದ್ದೆಲ್ಲ ಸರ್ವರಿನ ಕ್ಲೋನ್‌ಗೆ ಹೋಗುತ್ತದೆ, ಕರೆಂಟ್ ಹೋದರೂ ಬಹುಪಾಲು ಉಳಿಯುತ್ತದೆ. ಹಾಗಾದರೆ ಇದೇ ಗೆದ್ದಿತು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಬಂತು. ಎಂಟು ಕ್ಲೋನ್‌ಗಳೂ ಅದೇ ಅಪ್‌ಡೇಟನ್ನು ಎಂಟು ಸಲ ಇಳಿಸಿ, ಎಂಟು ಸಲ ಬರೆದು, ಹಂಚಿಕೊಂಡಿದ್ದ ಬ್ಲಾಕ್‌ಗಳನ್ನು ಬೇರೆ ಬೇರೆ ಮಾಡಿಕೊಂಡವು. ಝಡ್‌ಎಫ್‌ಎಸ್‌ನ ಪೂಲ್, ಅಂದರೆ ಸರ್ವರಿನ ಒಟ್ಟು ಜಾಗ, ತುಂಬುತ್ತಾ ಬಂತು. ಅದರಲ್ಲೇ ಒಂದು ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೂಡ ಬದಲಾಯಿತು. ಡಿಸ್ಕಿಗೆ ಹೋಗುವ ದಾರಿಯೇ ಆ ಕಾರ್ಡ್. ಕೂತ ಕೊಂಬೆಯನ್ನೇ ಕಡಿದ ಹಾಗೆ. ಮುಂದಿನ ಬೂಟ್‌ಗೆ ನೀಲಿ ಪರದೆ, ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ದೂರು. ಅಪ್‌ಡೇಟನ್ನು ಮೂಲ ಜ್ವೋಲ್‌ನಲ್ಲಿ ಮಾತ್ರ ಮಾಡಿ, ಹೊಸ ಸ್ನ್ಯಾಪ್‌ಶಾಟ್ ತೆಗೆದು, ಹೊಸ ಕ್ಲೋನ್ ಹುಟ್ಟಿಸಬೇಕು. ಕ್ಲೋನ್ ಬದುಕಿರುವವರೆಗೆ ಹಳೆಯ ಸ್ನ್ಯಾಪ್‌ಶಾಟ್ ಅಳಿಸಲು ಝಡ್‌ಎಫ್‌ಎಸ್ ಬಿಡುವುದಿಲ್ಲ ಎಂಬುದೂ ಆಗ ಗೊತ್ತಾಯಿತು. ಮಕ್ಕಳ ಫೈಲುಗಳನ್ನು ಸರ್ವರಿನ ಬೇರೆ ಹಂಚಿಕೆ ಫೋಲ್ಡರಿನಲ್ಲಿ ಇಡದಿದ್ದರೆ ಈ ಹೊಸ ಕ್ಲೋನ್ ಆಟದಲ್ಲಿ ಅವೂ ಹೋಗುತ್ತವೆ. ಸುತ್ತಿ ಬಳಸಿ ಮತ್ತೆ ಅದೇ ಪ್ರಶ್ನೆ.

ಇನ್ನು ಅಪ್‌ಗ್ರೇಡ್ ವಿಷಯ. ಈ ಮೂರರ ಬಿಡುಗಡೆ ಟಿಪ್ಪಣಿಗಳನ್ನು ಓದುವ ಅನುಭವವೂ ಒಂದೇ ಥರ ಇಲ್ಲ. ಎಲ್‌ಟಿಎಸ್‌ಪಿಯವು ಚಿಕ್ಕವು, ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಫಾಗ್‌ನದ್ದನ್ನು ಓದದೇ ಇರುವ ಹಾಗಿಲ್ಲ. ಅದು ಪಿಎಚ್‌ಪಿಯಲ್ಲಿ ಬರೆದ ವೆಬ್ ಪುಟ, ಇಡೀ ಲ್ಯಾಬಿನ ಡಿಸ್ಕ್ ಅಳಿಸುವ ಅಧಿಕಾರ ಇರುವಂಥದ್ದು. 2024ರಲ್ಲಿ 1.5.10ರ ಸಾಲಿನಲ್ಲಿ ಹೊರಗಿನವರು ಸರ್ವರಿನಲ್ಲಿ ಕಮಾಂಡ್ ಓಡಿಸಬಹುದಾದ ತೂತು ಸಿಕ್ಕಿ ಅದನ್ನು ಮುಚ್ಚಿದರು. ಫಾಗ್ ಹಾಕಿದವರು ಮೊದಲು ಮಾಡಬೇಕಾದದ್ದು ಪಾಸ್‌ವರ್ಡ್ ಬದಲಿಸುವುದು, ಎರಡನೆಯದು ಆ ಪುಟ ಲ್ಯಾಬಿನಾಚೆ ಕಾಣದಂತೆ ಮಾಡುವುದು. ಐಪಿಎಕ್ಸ್‌ಇ ಬೇರೆ ಥರ. 2020ರ ಕೊನೆಗೆ 1.21.1 ಬಂತು, ಆಮೇಲೆ ವರ್ಷಗಟ್ಟಲೆ ಹೊಸ ನಂಬರ್ ಬರಲಿಲ್ಲ. ಕೆಲಸ ನಿಂತಿರಲಿಲ್ಲ, ಕೋಡ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ನಡೆಯುತ್ತಲೇ ಇತ್ತು. ಏನು ಬದಲಾಯಿತು ಎಂದು ತಿಳಿಯಲು ಅಲ್ಲಿನ ಒಂದೊಂದು ದಾಖಲೆಯನ್ನೇ (ಕಮಿಟ್) ಓದಬೇಕಿತ್ತು.

ಟಿಪ್ಪಣಿ ಓದುವ ಚಟ ನನಗೆ ಹತ್ತಿದ್ದು ಝಡ್‌ಎಫ್‌ಎಸ್‌ನಿಂದ. 2023ರ ಅಕ್ಟೋಬರ್‌ನಲ್ಲಿ 2.2.0 ಬಂತು, ಬ್ಲಾಕ್ ಕ್ಲೋನಿಂಗ್ (ಕಾಪಿ ಮಾಡಿದಾಗ ಡೇಟಾ ಮತ್ತೆ ಬರೆಯದೆ ಹಳೆಯ ಬ್ಲಾಕ್‌ಗಳನ್ನೇ ಹಂಚಿಕೊಳ್ಳುವುದು) ಎಂಬ ಹೊಸ ಸೌಲಭ್ಯದ ಜೊತೆ. ಕೆಲವರಿಗೆ ಕಾಪಿ ಮಾಡಿದ ಫೈಲಿನ ನಡುವೆ ಸೊನ್ನೆಗಳು ಕಂಡವು. 2.2.1ರಲ್ಲಿ ಆ ಸೌಲಭ್ಯ ಆಫ್ ಮಾಡಿದರು. ಆದರೆ ನಿಜವಾದ ತಪ್ಪು ಅದಕ್ಕಿಂತ ಹಳೆಯದು ಎಂದು ಗೊತ್ತಾಗಿ, 2.2.2 ಜೊತೆ ಹಳೆಯ ಸಾಲಿಗೂ 2.1.14 ಬಿಟ್ಟರು. ಡೆಬಿಯನ್ 12ರಲ್ಲಿ ಮೊದಲು ಬಂದದ್ದು 2.1.11. ಹೊಸ ಆವೃತ್ತಿ ಹಾಕಿಲ್ಲ, ನಾವು ಬಚಾವ್ ಎಂದುಕೊಂಡವರೂ ಬಚಾವಾಗಿರಲಿಲ್ಲ.

ಈಗ ನಮ್ಮಲ್ಲಿ ಹದಿನಾರು ಯಂತ್ರ ಎಲ್‌ಟಿಎಸ್‌ಪಿಯಲ್ಲಿವೆ. ಮೈಎಸ್‌ಕ್ಯುಎಲ್ ಯಂತ್ರಗಳಿಂದ ತೆಗೆದು ಸರ್ವರಿನಲ್ಲೇ ಒಂದು ಓಡಿಸಿ, ಪ್ರತಿ ಮಗುವಿಗೂ ಒಂದು ಡೇಟಾಬೇಸ್ ಕೊಟ್ಟಿದ್ದೇನೆ. ಎಂಟು ಹೊಸವಕ್ಕೆ ಫಾಗ್. ಐಸ್ಕಸಿ ನನ್ನ ಮೇಜಿನ ಒಂದೇ ಯಂತ್ರದಲ್ಲಿದೆ. ಟ್ಯಾಲಿಯ ಹೊಸ ಆವೃತ್ತಿ ಬಂದಾಗ ಮೊದಲು ಅದರಲ್ಲಿ ಹಾಕಿ, ಕೆಡಿಸಿ, ಕ್ಲೋನ್ ಎಸೆದು ಮತ್ತೆ ಹಾಕುತ್ತೇನೆ. 10 ಗಿಗಾಬಿಟ್ ಕಾರ್ಡಿಗೆ ಅರ್ಜಿ ಬರೆದು ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟು ನಾಲ್ಕು ತಿಂಗಳಾಯಿತು.